ಹದಿನಾರು ತಿಂಗಳು, ಎರಡು ಮಳೆಗಾಲ: ಒಂದು ಹೆಲ್ಮೆಟ್ ಮತ್ತು ಅದನ್ನು ಮಾರಿದ ಅಂಗಡಿ

ಹೆಲ್ಮೆಟ್ಟಿನ ವಿಮರ್ಶೆ ಬರೆಯಲು ಕೂತವನಿಗೆ ಆರಂಭದಲ್ಲೇ ಒಂದು ತೊಡಕು ಎದುರಾಗುತ್ತದೆ. ಮಿಕ್ಸಿ ಕೊಂಡವರು ಚಟ್ನಿ ರುಬ್ಬಿ ನೋಡಬಹುದು, ಕೊಡೆ ಕೊಂಡವರು ಮಳೆಯಲ್ಲಿ ನಿಂತು ನೋಡಬಹುದು. ಹೆಲ್ಮೆಟ್ ಯಾವ ಒಂದು ಕೆಲಸಕ್ಕಾಗಿ ತಯಾರಾಗಿದೆಯೋ ಅದನ್ನು ಮಾತ್ರ ಯಾರೂ ಮಾಡಿಸಿ ನೋಡಲು ಬಯಸುವುದಿಲ್ಲ. ನಾನೂ ನೋಡಿಲ್ಲ. ಹಾಗಾಗಿ ನನ್ನ ಹೆಲ್ಮೆಟ್ ಪೆಟ್ಟನ್ನು ಹೇಗೆ ತಡೆಯುತ್ತದೆ ಎಂಬುದರ ಬಗ್ಗೆ ಈ ಬರಹದಲ್ಲಿ ಅನುಭವದ ಮಾತು ಒಂದೂ ಇಲ್ಲ. ಅದು ಪ್ರಯೋಗಾಲಯದಲ್ಲಿ ಐಎಸ್ 4151 ಎಂಬ ಮಾನದಂಡದ ಪ್ರಕಾರ ಪರೀಕ್ಷೆ ಮಾಡಿದವರು ಹೇಳಬೇಕಾದ ಮಾತು. ಆದರೆ ಪ್ರಯೋಗಾಲಯದಲ್ಲಿ ಗೆದ್ದ ಹೆಲ್ಮೆಟ್ ಬೀಳುವ ಹೊತ್ತಿಗೆ ನನ್ನ ತಲೆಯ ಮೇಲೆಯೇ ಉಳಿದಿರುತ್ತದೆಯೇ, ಅದನ್ನು ಧರಿಸಿ ದಿನವೂ ಅರವತ್ತು ಕಿಲೋಮೀಟರ್ ಓಡಾಡಲು ಸಾಧ್ಯವೇ, ಮಳೆಯಲ್ಲಿ ರಸ್ತೆ ಕಾಣುತ್ತದೆಯೇ ಎಂಬ ಪ್ರಶ್ನೆಗಳಿಗೆ ಬಳಸುವವನೇ ಉತ್ತರ ಹೇಳಬೇಕು.

ನಾನು ಶಿವಮೊಗ್ಗದಲ್ಲಿ ವಾಸವಾಗಿದ್ದು, ಮಂಡಗದ್ದೆಯ ಸಮೀಪದ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಗಾಜನೂರು, ಸಕ್ರೆಬೈಲು ದಾಟಿ ತುಂಗೆಯ ಪಕ್ಕದಲ್ಲೇ ತೀರ್ಥಹಳ್ಳಿಯ ಕಡೆಗೆ ಸಾಗುವ ಈ ರಾಷ್ಟ್ರೀಯ ಹೆದ್ದಾರಿ ನೋಡಲು ಬಹಳ ಚಂದ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಮರಗಳ ನೆರಳಲ್ಲಿ ಒಣಗದ ಪಾಚಿ, ತಿರುವಿನಲ್ಲಿ ಎದುರಾಗುವ ಬಸ್ಸು, ರಸ್ತೆಗೆ ಇಳಿದ ದನ, ಇವುಗಳ ನಡುವೆ 125 ಸಿಸಿಯ ಬೈಕಿನಲ್ಲಿ ಹೋಗುವವನಿಗೆ ಆ ಚಂದವನ್ನು ನೋಡುವ ಪುರುಸೊತ್ತಿರುವುದಿಲ್ಲ. ಈ ಹಾದಿಯಲ್ಲಿ ನಾಲ್ಕು ವರ್ಷ ನಾನು ಧರಿಸಿದ್ದು ಬೈಕಿನ ಜೊತೆಗೆ ಬಂದ ಹೆಲ್ಮೆಟ್. ಅದರ ಮೇಲೆ ಐಎಸ್‌ಐ ಗುರುತಿತ್ತು, ಬೆಲ್ಟೂ ಇತ್ತು. ಇಲ್ಲದಿದ್ದದ್ದು ನನ್ನ ಅಳತೆ. ಗಾಡಿಯ ಬಣ್ಣ ಯಾವುದಿರಲಿ ಎಂದು ಮೂರು ಸಲ ಕೇಳಿದ ಶೋರೂಮಿನವರು ತಲೆಯ ಸುತ್ತಳತೆ ಎಷ್ಟೆಂದು ಒಮ್ಮೆಯೂ ಕೇಳಿರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ತಲೆ ಮಾತ್ರ ತಿರುಗಿ, ಹೆಲ್ಮೆಟ್ ಇದ್ದಲ್ಲೇ ಇರುತ್ತಿತ್ತು. ಸಡಿಲವಾಗಿದ್ದರೆ ಗಾಳಿಯಾಡುತ್ತದೆ ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಹೊಸದನ್ನು ಕೊಳ್ಳಲು ಹೋದದ್ದು ಕಳೆದ ವರ್ಷದ ಮೇ ಕೊನೆಯ ವಾರ, ಶಾಲೆ ತೆರೆಯುವ ಮುನ್ನ. ಬಿ.ಹೆಚ್. ರಸ್ತೆಯಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ, ಸೀಟ್ ಕವರ್ ಹೊಲಿಯುವವರ ಪಕ್ಕದಲ್ಲಿ ಆ ಅಂಗಡಿ ಇದೆ. ಒಳಗೆ ನಾಲ್ಕು ಜನ ನಿಂತರೆ ಐದನೆಯವರು ಮೆಟ್ಟಿಲ ಮೇಲೆ ಕಾಯಬೇಕು. ಯಜಮಾನರಿಗೆ ಅರವತ್ತು ದಾಟಿರಬಹುದು. ಕೊರಳಲ್ಲಿ ದರ್ಜಿಯವರ ಹಾಗೆ ಅಳತೆ ಟೇಪು ಜೋತಾಡುತ್ತಿರುತ್ತದೆ. ಬಜೆಟ್ ಎಷ್ಟು ಎಂದು ಕೇಳುವ ಮೊದಲೇ ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಹುಬ್ಬಿಗಿಂತ ಒಂದು ಬೆರಳು ಮೇಲೆ ಟೇಪು ಸುತ್ತಿ, ಐವತ್ತೇಳೂವರೆ ಸೆಂಟಿಮೀಟರ್ ಎಂದು ಹೇಳಿದರು. ಶೋರೂಮಿನಿಂದ ಬಂದ ಹಳೆಯದರ ಒಳಗೆ ಬರೆದಿದ್ದ ಅಳತೆ ಅರವತ್ತು.

ಅವರು ಮೊದಲು ಕೊಟ್ಟ ಹೆಲ್ಮೆಟ್ ಕೆನ್ನೆಯನ್ನು ಒತ್ತುತ್ತಿತ್ತು. ಬಿಗಿಯಾಯಿತೆಂದು ತೆಗೆಯಹೊರಟಾಗ, "ಮೇಷ್ಟ್ರೇ, ತೆಗೀಬೇಡಿ. ಹಂಗೇ ಹದಿನೈದು ನಿಮಿಷ ಕೂತ್ಕೊಳ್ಳಿ. ಕಾಫಿ ಆಮೇಲೆ," ಎಂದರು. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಿನಲ್ಲಿ ಕಾಫಿ ಕುಡಿಯುವುದು ಹೇಗೂ ಆಗದ ಮಾತು. ಕೆನ್ನೆಯ ಒತ್ತಡ ಸರಿಯೆಂದೂ, ಅಲ್ಲಿನ ಸ್ಪಂಜು ಮೂರು ನಾಲ್ಕು ತಿಂಗಳಲ್ಲಿ ಕೂರುತ್ತದೆಂದೂ, ಆದರೆ ಹಣೆಯಲ್ಲೋ ನೆತ್ತಿಯಲ್ಲೋ ಒಂದೇ ಜಾಗದಲ್ಲಿ ನೋವು ಬಂದರೆ ಅದು ತಲೆಯ ಆಕಾರಕ್ಕೆ ಹೊಂದಿಲ್ಲವೆಂದು ಅರ್ಥವೆಂದೂ ಅವರು ಬೇರೆ ಗಿರಾಕಿಗಳ ನಡುವೆ ಬಿಡುವು ಮಾಡಿಕೊಂಡು ವಿವರಿಸಿದರು. ಎಂಟನೆಯ ನಿಮಿಷಕ್ಕೆ ಹಣೆಯ ನಡುವೆ ನೋವು ಶುರುವಾಯಿತು. ತೆಗೆದಾಗ ಅಲ್ಲಿ ಕೆಂಪು ಗೆರೆ ಮೂಡಿತ್ತು. ಅದೇ ಅಳತೆಯ, ಇನ್ನೊಂದು ಕಂಪನಿಯ ಹೆಲ್ಮೆಟ್ಟಿನಲ್ಲಿ ಇಪ್ಪತ್ತು ನಿಮಿಷ ಕಳೆದರೂ ಏನೂ ಆಗಲಿಲ್ಲ. ನನ್ನದು ಮುಂದಿನಿಂದ ಹಿಂದಕ್ಕೆ ತುಸು ಉದ್ದವಾದ ತಲೆಯಂತೆ. ಐವತ್ತರ ಹತ್ತಿರ ಬಂದ ಮೇಲೆ ತಿಳಿದ ವಿಷಯ. ನಾನು ಕೊಂಡ ಹೆಲ್ಮೆಟ್ಟಿನ ಕಂಪನಿಯ ಹೆಸರನ್ನು ಹೇಳದಿರಲು ಇದೇ ಕಾರಣ: ನಿಮ್ಮದು ದುಂಡು ತಲೆಯಾದರೆ ನನಗೆ ಬೇಡವೆನಿಸಿದ ಆ ಮೊದಲನೆಯದೇ ನಿಮಗೆ ಸರಿಹೊಂದಬಹುದು.

ಕೊಳ್ಳುವ ಮುನ್ನ ಅವರು ಮಾಡಿಸಿದ ಇನ್ನೊಂದು ಪರೀಕ್ಷೆಯನ್ನು ಓದುಗರು ತಮ್ಮ ಮನೆಯಲ್ಲಿರುವ ಹೆಲ್ಮೆಟ್ಟಿನ ಮೇಲೆ ಈಗಲೇ ಮಾಡಿ ನೋಡಬಹುದು. ಬೆಲ್ಟನ್ನು ಗದ್ದದ ಕೆಳಗೆ ಎರಡು ಬೆರಳು ಮಾತ್ರ ತೂರುವಷ್ಟು ಬಿಗಿದು ಲಾಕ್ ಮಾಡಿಕೊಂಡ ಮೇಲೆ, ಇನ್ನೊಬ್ಬರು ಹಿಂದೆ ನಿಂತು ಹೆಲ್ಮೆಟ್ಟಿನ ಕೆಳ ಅಂಚಿಗೆ ಬೆರಳು ಸಿಕ್ಕಿಸಿ ಮೇಲಕ್ಕೂ ಮುಂದಕ್ಕೂ ಎತ್ತಬೇಕು. ಸರಿಯಾದದ್ದು ಚರ್ಮವನ್ನು ಎಳೆದುಕೊಂಡು ಸ್ವಲ್ಪ ಜರುಗಿ ನಿಲ್ಲುತ್ತದೆ. ಮನೆಗೆ ಬಂದು ಹಳೆಯದಕ್ಕೆ ಇದೇ ಪರೀಕ್ಷೆ ಮಾಡಿಸಿದೆ. ಲಾಕ್ ಹಾಕಿದ್ದಂತೆಯೇ ಅದು ಕಣ್ಣಿನ ಮೇಲಿಂದ ಜಾರಿ ನನ್ನ ಮಡಿಲಿಗೆ ಬಿತ್ತು. ನಾಲ್ಕು ವರ್ಷ ನಾನು ಪೊಲೀಸರಿಗೆ ತೋರಿಸಲು ಮಾತ್ರ ಹೆಲ್ಮೆಟ್ ಧರಿಸಿದ್ದೆ. ಉಳಿಸಿಕೊಂಡದ್ದು 500 ರೂಪಾಯಿ ದಂಡವನ್ನಷ್ಟೇ.

ಜಾರಿಬೀಳುವ ಹೆಲ್ಮೆಟ್ ಏಕೆ ನಿಷ್ಪ್ರಯೋಜಕ ಎಂಬುದು ಒಳಗಿನ ರಚನೆಯನ್ನು ನೋಡಿದರೆ ತಿಳಿಯುತ್ತದೆ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ, ರಸ್ತೆಯ ಮೇಲೆ ಉಜ್ಜಿಕೊಂಡು ಜಾರುತ್ತದೆ. ಜೀವ ಉಳಿಸುವ ಮುಖ್ಯ ಕೆಲಸ ಅದರ ಒಳಗಿರುವ, ನಾವು ಥರ್ಮಾಕೋಲ್ ಎನ್ನುವ ದಪ್ಪ ಪದರದ್ದು. ತಲೆ ನೆಲಕ್ಕೆ ತಾಗಿ ನಿಂತರೂ ಮೆದುಳು ಬುರುಡೆಯೊಳಗೆ ಮುಂದಕ್ಕೆ ಚಲಿಸುತ್ತಲೇ ಇರುತ್ತದೆ. ಥರ್ಮಾಕೋಲ್ ಜಜ್ಜಿಹೋಗುತ್ತ, ತಲೆ ನಿಲ್ಲಲು ತೆಗೆದುಕೊಳ್ಳುವ ಕಾಲವನ್ನು ಕೆಲವೇ ಮಿಲಿಸೆಕೆಂಡುಗಳಷ್ಟು ಹಿಗ್ಗಿಸಿ ಆ ಆಘಾತವನ್ನು ತಗ್ಗಿಸುತ್ತದೆ. ಒಮ್ಮೆ ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ. ಆದ್ದರಿಂದಲೇ ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಎಷ್ಟು ಚೆನ್ನಾಗಿ ಕಂಡರೂ ಅದರ ಆಯುಷ್ಯ ಅಲ್ಲಿಗೆ ಮುಗಿಯಿತು. ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರು ಜೊತೆಗೆ ಪುಕ್ಕಟೆ ಬರುವ ಹೆಲ್ಮೆಟ್ಟನ್ನು ಬೇಡವೆನ್ನುವುದು ಮೇಲು.

ಇಷ್ಟೊಂದು ಸಾಧಾರಣವಾದ ವಸ್ತುವಿಗೆ ಚರಿತ್ರೆಯೂ ಇದೆ. 1935ರಲ್ಲಿ ಇಂಗ್ಲೆಂಡಿನಲ್ಲಿ, ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ ಮೋಟಾರ್‌ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡಾಗ ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರೂ ಇದ್ದರು. ಮೋಟಾರ್‌ಸೈಕಲ್ ಸವಾರರ ತಲೆಗಾಯಗಳ ಮೇಲೆ ಹೆಲ್ಮೆಟ್ಟಿನ ಮಹತ್ವವನ್ನು ತೋರಿಸುವ ಪ್ರಬಂಧವನ್ನು ಅವರು 1941ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿದ ಆದೇಶ ಜಾರಿಯಾದದ್ದು 2021ರ ಜೂನ್ 1ರಿಂದ. ಆದರೂ ಹೆದ್ದಾರಿಯ ಬದಿಯಲ್ಲಿ ಟಾರ್ಪಾಲಿನ ಮೇಲೆ ರಾಶಿ ಹಾಕಿದ ಅಗ್ಗದ ಅರ್ಧ ಹೆಲ್ಮೆಟ್ಟುಗಳು ಮಾಯವಾಗಿಲ್ಲ, ಅವುಗಳ ಮೇಲೂ ಐಎಸ್‌ಐ ಎಂದು ಅಚ್ಚಾದ ಚೀಟಿ ಇರುತ್ತದೆ. ನಮ್ಮ ಅಂಗಡಿಯವರು ಗುರುತಿನ ಕೆಳಗಿರುವ ಸಿಎಂ/ಎಲ್ ಎಂಬ ಪರವಾನಗಿ ಸಂಖ್ಯೆಯನ್ನು ಐಎಸ್‌ಐ ಗುರುತು ಕೊಡುವ ಸಂಸ್ಥೆಯದೇ ಆದ ಬಿಐಎಸ್ ಕೇರ್ ಆ್ಯಪಿನಲ್ಲಿ ನನ್ನ ಕೈಯಿಂದಲೇ ಒತ್ತಿಸಿ, ತಯಾರಕರ ಹೆಸರು ಹೊಂದಿಕೆಯಾಗುವುದನ್ನು ತೋರಿಸಿದರು. ಕೇಳದೆಯೇ ಜಿಎಸ್‌ಟಿ ಬಿಲ್ಲನ್ನೂ ಕೊಟ್ಟರು.

ಬೆಲೆ 2,900 ರೂಪಾಯಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 1,380 ಗ್ರಾಂ ಬಂತು. ಮೊದಲ ವಾರ ಕುತ್ತಿಗೆ ನೋಯುತ್ತಿತ್ತು, ನಂತರ ರೂಢಿಯಾಯಿತು. ಹದಿನೈದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಓಡಿದ ಮೇಲೆ ಲಾಕ್ ಇನ್ನೂ ಹೊಸದರಂತೆ ಟಕ್ಕೆಂದು ಕೂರುತ್ತದೆ, ಬೆಲ್ಟಿನ ಅಂಚು ಬಿಚ್ಚಿಲ್ಲ, ಯಜಮಾನರು ಹೇಳಿದಂತೆಯೇ ಕೆನ್ನೆಯ ಸ್ಪಂಜು ದೀಪಾವಳಿಯ ಹೊತ್ತಿಗೆ ಹದಕ್ಕೆ ಬಂತು. ಹಿಂದಿನಿಂದ ಬರುವ ಹಾರ್ನ್ ಸ್ಪಷ್ಟವಾಗಿ ಕೇಳಿಸುತ್ತದೆ. ಅರವತ್ತರ ವೇಗ ದಾಟಿದರೆ ಕಿವಿಯ ಹತ್ತಿರ ಗಾಳಿ ಶಿಳ್ಳೆ ಹಾಕುತ್ತದೆ. ಅದನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ, ಆ ರಸ್ತೆಯಲ್ಲಿ ಅರವತ್ತು ದಾಟಬೇಕಾದ ಅಗತ್ಯವೂ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ ಸಿಗ್ನಲ್ಲಿಗೆ ನಿಂತಾಗ ಮಾತ್ರ ಒಳಗೆ ಬೇಯುತ್ತದೆ. ನೆತ್ತಿಯ ಮೇಲಿನ ಗಾಳಿಕಿಂಡಿ ಅಲಂಕಾರಕ್ಕಷ್ಟೇ ಇದೆಯೇನೋ ಎಂಬ ಗುಮಾನಿ ನನಗಿದೆ.

ನನ್ನ ನಿಜವಾದ ತಕರಾರು ಮುಂದಿನ ಗ್ಲಾಸಿನ ಮೇಲಿದೆ. ಮಲೆನಾಡಿನ ಮಳೆಯಲ್ಲಿ ಅದನ್ನು ಪೂರ್ತಿ ಮುಚ್ಚಿದರೆ ಎರಡು ನಿಮಿಷದಲ್ಲಿ ಉಸಿರಿನ ಹಬೆ ಹಿಡಿದು ಎದುರಿನ ರಸ್ತೆ ಮಸುಕಾಗುತ್ತದೆ. ಒಂದು ಹಲ್ಲಿನಷ್ಟು ಎತ್ತಿ ಇಟ್ಟರೆ ಹಬೆ ಹೋಗುತ್ತದೆ, ಆದರೆ ಹನಿಗಳು ಒಳಕ್ಕೆ ಸಿಡಿದು ಕನ್ನಡಕದ ಮೇಲೆ ಕೂರುತ್ತವೆ. ಹಬೆ ತಡೆಯುವ ಒಳಪದರವನ್ನು ಸಿಕ್ಕಿಸುವ ಗುಬುಟುಗಳು ಈ ಮಾದರಿಯಲ್ಲಿಲ್ಲ. ಇನ್ನು ಗೀರುಗಳು. ಮೊದಲ ಮಳೆಗಾಲದಲ್ಲಿ ಅಂಗಿಯ ತುದಿಯಿಂದ ಒರೆಸಿ ಒರೆಸಿ ನಾನೇ ಗ್ಲಾಸನ್ನು ಹಾಳುಮಾಡಿಕೊಂಡೆ. ಹಗಲಿನಲ್ಲಿ ಕಾಣದ ಆ ಸಣ್ಣ ಗೀರುಗಳು ರಾತ್ರಿ ಎದುರಿನ ಲಾರಿಯ ಹೈಬೀಮ್ ಬಿದ್ದೊಡನೆ ಜೇಡರ ಬಲೆಯಂತೆ ಹೊಳೆದು, ಬದಿಯಲ್ಲಿ ನಡೆದು ಬರುವವರನ್ನು ಮರೆಮಾಡುತ್ತವೆ. ಕೊಡೆ ಹಿಡಿದು ಕತ್ತಲಲ್ಲಿ ನಡೆದು ಹೋಗುತ್ತಿದ್ದ ಒಬ್ಬ ವೃದ್ಧರನ್ನು ಗಾಜನೂರಿನ ಬಳಿ ತೀರ ಹತ್ತಿರ ಬಂದ ಮೇಲಷ್ಟೇ ಕಂಡ ಮರುದಿನ ಹೊಸ ಗ್ಲಾಸಿಗೆ ಹೇಳಿದೆ. ಬೆಲೆ 350 ರೂಪಾಯಿ, ಬರಲು ಮೂರು ವಾರ. ಈಗ ಬಿಡಿ ಗ್ಲಾಸೊಂದನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ, ಧೂಳನ್ನು ಮೊದಲು ನೀರಿನಿಂದ ತೊಳೆದು ಆಮೇಲೆ ಮೆತ್ತನೆಯ ಬಟ್ಟೆ ತಾಗಿಸುತ್ತೇನೆ. ಕಾಲೇಜು ಹುಡುಗರು ಕೇಳುವ ಕನ್ನಡಿಯಂಥ ಕಪ್ಪು ಗ್ಲಾಸನ್ನು ಈ ಅಂಗಡಿಯವರು ಬಿಡಿಯಾಗಿ ಕೊಡುವುದಿಲ್ಲ. ರಾತ್ರಿಗೆ ಬಿಳಿಯದೂ ಇದೆಯೆಂದು ತೋರಿಸಿದರೆ ಮಾತ್ರ ಕೊಡುತ್ತಾರೆ. ವ್ಯಾಪಾರಕ್ಕೆ ಒಗ್ಗುವ ಗುಣ ಇದಲ್ಲ.

ಒಳಗಿನ ಬಟ್ಟೆಯನ್ನು ಬಿಚ್ಚಿ ಒಗೆಯಬಹುದು ಎಂಬುದು ನಮ್ಮ ಕಡೆಯವರಿಗೆ ದೊಡ್ಡ ಅನುಕೂಲ, ಏಕೆಂದರೆ ಜುಲೈನಲ್ಲಿ ನೆನೆದದ್ದು ಎರಡು ದಿನವಾದರೂ ಒಣಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಅತ್ತೆಯವರು ಅಕ್ಕರೆಯಿಂದ ನನ್ನ ಹೆಲ್ಮೆಟ್ಟನ್ನು ಇಡಿಯಾಗಿ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಅಡಕೆಯ ಪಕ್ಕದಲ್ಲಿ ಒಣಗಲು ಇಟ್ಟಿದ್ದರು. ಹೆಚ್ಚಿನ ಕಾವು ಥರ್ಮಾಕೋಲಿಗೆ ಆಗದು. ಬಟ್ಟೆಯನ್ನಷ್ಟೇ ಅಲ್ಲಿ ಬಿಟ್ಟು ಉಳಿದದ್ದನ್ನು ಮೆಲ್ಲನೆ ಇಳಿಸಿಕೊಂಡೆ. ಪೆಟ್ರೋಲ್, ಥಿನ್ನರ್ ತಾಗಿಸುವುದೂ ತಪ್ಪು.

ಅದೇ ಅಂಗಡಿಯಲ್ಲಿ ನನ್ನ ಹೆಂಡತಿಗೂ 1,650 ರೂಪಾಯಿಯ ಇನ್ನೊಂದನ್ನು ಕೊಂಡೆವು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ. ಆದರೂ ಹಿಂದೆ ಕೂತವರ ಹೆಲ್ಮೆಟ್ ಮೊಣಕೈಯಲ್ಲಿ ನೇತಾಡುವುದೇ ಹೆಚ್ಚು. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತ 50,029 ಮಂದಿಯಲ್ಲಿ 14,337 ಮಂದಿ ಹಿಂಬದಿ ಸವಾರರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಹೆಂಗಸರ ತೊಂದರೆ ಏನೆಂದು ವಿನ್ಯಾಸ ಮಾಡುವವರು ಯೋಚಿಸಿದಂತಿಲ್ಲ: ತುರುಬು ಕಟ್ಟಿದರೆ ಹೆಲ್ಮೆಟ್ ಮುಂದಕ್ಕೆ ವಾಲಿ ಹುಬ್ಬು ಮುಚ್ಚುತ್ತದೆ, ಹೂ ಮುಡಿದಿದ್ದರೆ ಅದೂ ಹೋಯಿತು. ಯಜಮಾನರು ಸಂಕೋಚವಿಲ್ಲದೆ, "ಅಮ್ಮಾ, ಜಡೆ ಕೆಳಗೆ ಹಾಕ್ಕೊಳ್ಳಿ, ಹೂವು ಚೀಲದಲ್ಲಿ ಇಟ್ಕೊಂಡು ಹೋಗಿ ಅಲ್ಲೇ ಮುಡ್ಕೊಳ್ಳಿ," ಎಂದರು. ಮದುವೆಮನೆಗಳಿಗೆ ನಾವು ಈಗ ಹಾಗೆಯೇ ಹೋಗುತ್ತೇವೆ.

ಅಂಗಡಿಯ ಕೊರತೆಗಳನ್ನೂ ಹೇಳಬೇಕು. ಗಾಡಿ ನಿಲ್ಲಿಸಲು ಜಾಗವಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ. ಸಂಜೆ ಹೋದರೆ ಹದಿನೈದು ನಿಮಿಷ ಕೂರಲು ಸ್ಟೂಲು ಖಾಲಿ ಇರುವುದಿಲ್ಲ. ವಾರದ ನಡುವೆ ಬೆಳಿಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು. ಚೌಕಾಸಿಗೆ ಅವರು ಜಗ್ಗುವುದಿಲ್ಲ, ಆನ್‌ಲೈನ್‌ನಲ್ಲಿ ಅದೇ ಹೆಲ್ಮೆಟ್ ಇನ್ನೂರು ರೂಪಾಯಿ ಕಡಿಮೆಗೆ ಸಿಗುತ್ತದೆ. ಆ ಇನ್ನೂರನ್ನು ನಾನು ಟೇಪಿಗೂ ಸ್ಟೂಲಿಗೂ ಕೊಟ್ಟೆ ಎಂದುಕೊಂಡಿದ್ದೇನೆ.

ದೊಡ್ಡ ಕೊರತೆಯೆಂದರೆ ಮಕ್ಕಳ ಅಳತೆಯದು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೈಕಿನಲ್ಲಿ ಕರೆದೊಯ್ಯುವಾಗ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ನಾಲ್ಕು ದಾಟಿದವರಿಗೆ ದೊಡ್ಡವರ ನಿಯಮವೇ ಅನ್ವಯ. ಏಳು ವರ್ಷದ ನನ್ನ ಮಗಳ ತಲೆ ಐವತ್ತೊಂದು ಸೆಂಟಿಮೀಟರ್. ಅಂಗಡಿಯಲ್ಲಿ ಐವತ್ನಾಲ್ಕಕ್ಕಿಂತ ಚಿಕ್ಕದು ಇರಲಿಲ್ಲ. ಒಳಗೆ ಬಟ್ಟೆ ತುರುಕಿ ಕೊಡಿ ಎಂದಾಗ ಯಜಮಾನರು ಮಾರಲು ಒಪ್ಪಲಿಲ್ಲ, ತರಿಸಿ ಹೇಳುತ್ತೇನೆ ಎಂದರು. ಅಲ್ಲಿಯವರೆಗೆ ಅವಳು ಶಾಲೆಗೆ ಹೋದದ್ದು ಆಟೊದಲ್ಲಿ. ಕಳೆದ ವಾರ ಫೋನ್ ಬಂತು: ಎರಡು ಬಂದಿವೆಯಂತೆ, ಒಂದು ಗುಲಾಬಿ, ಒಂದು ನೀಲಿ. ಈ ಶನಿವಾರ ಹೋಗಬೇಕು. ಬಣ್ಣವನ್ನು ಅವಳು ಒಂದು ಕ್ಷಣದಲ್ಲಿ ಆರಿಸುತ್ತಾಳೆ, ಆದರೆ ಅದನ್ನು ಹಾಕಿಕೊಂಡು ಹದಿನೈದು ನಿಮಿಷ ಆ ಸ್ಟೂಲಿನ ಮೇಲೆ ಅಲುಗಾಡದೆ ಕೂರುತ್ತಾಳೆಯೇ ಎಂಬುದೇ ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆ.