ಗಂಡಸರ ಮಫ್ಲರಿಗೆ ಯಾವ ಹೆಣಿಗೆ, ಯಾವ ನೂಲು: ಎರಡು ಚಳಿಗಾಲ, ನಾಲ್ಕು ಮಫ್ಲರ್

ಶಿರಸಿ ಸೀಮೆಯ ಚಳಿ ಮೈ ಕೊರೆಯುವಂಥದ್ದಲ್ಲವಾದರೂ, ಅಡಿಕೆಗೊನೆ ಇಳಿಸುವ ಕೊನೆಕೊಯ್ಲಿನ ದಿನಗಳಲ್ಲಿ ಬೆಳಗಿನ ಜಾವ ತೋಟದ ಇಬ್ಬನಿ ಮಳೆಹನಿಯಂತೆ ತೊಟ್ಟಿಕ್ಕುವ ಹೊತ್ತಿಗೆ ಕುತ್ತಿಗೆಗೂ ಕಿವಿಗೂ ಏನಾದರೊಂದು ಬೇಕೇ ಬೇಕು. ಅಪ್ಪಯ್ಯ ಇಷ್ಟು ವರ್ಷ ಪಾಣಿಪಂಚೆಯನ್ನೇ ತಲೆಗೆ ಸುತ್ತಿ ಚಳಿ ಕಳೆದವರು. ತಮ್ಮ ಕುಮಟಾದಲ್ಲಿ ಕೆಲಸದಲ್ಲಿದ್ದು, ಶನಿವಾರ ರಾತ್ರಿ ಬೈಕಿನಲ್ಲಿ ದೇವಿಮನೆ ಘಟ್ಟ ಹತ್ತಿ ಊರಿಗೆ ಬರುವವನು. ಇವರಿಬ್ಬರಿಗಾಗಿ ಎರಡು ಚಳಿಗಾಲಗಳಲ್ಲಿ ನಾಲ್ಕು ಮಫ್ಲರುಗಳನ್ನು ನಾಲ್ಕು ಬಗೆಯ ಹೆಣಿಗೆಯಲ್ಲಿ ಹೆಣೆದೆ. ಹೋಲಿಕೆ ನ್ಯಾಯವಾಗಿರಲೆಂದು ನಾಲ್ಕಕ್ಕೂ 5 ಮಿ.ಮೀ. ಕಡ್ಡಿಯನ್ನೂ ಒಂದೇ ದಪ್ಪದ ನೂಲನ್ನೂ ಬಳಸಿ, ಉದ್ದವನ್ನು 160 ಸೆಂ.ಮೀ.ಗೆ ನಿಲ್ಲಿಸಿದೆ. ಕಡ್ಡಿ ಕೊಳ್ಳುವವರಿಗೆ ಒಂದು ಮಾತು: ಅಂಗಡಿಯಲ್ಲಿ ಹಳೆಯ ಬ್ರಿಟಿಷ್ ಲೆಕ್ಕದ ನಂಬರು ಇದ್ದರೆ 5 ಮಿ.ಮೀ. ಎಂದರೆ 6 ನಂಬರು, 4 ಮಿ.ಮೀ. ಎಂದರೆ 8 ನಂಬರು. ಈ ಲೆಕ್ಕದಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ತೆಳ್ಳಗಾಗುತ್ತದೆ.

ಮೊದಲನೆಯದು ತಮ್ಮನಿಗೆಂದು ಹೆಣೆದದ್ದು. ಒಂದು ಸಾಲು ಸೀದಾ (ನೂಲನ್ನು ಕಡ್ಡಿಯ ಹಿಂದಿಟ್ಟು ಹೆಣೆಯುವುದು), ಒಂದು ಸಾಲು ಉಲ್ಟಾ (ನೂಲನ್ನು ಮುಂದಿಟ್ಟು ಹೆಣೆಯುವುದು) ಹೆಣೆಯುತ್ತ ಹೋಗುವ ಈ ಹೆಣಿಗೆಯ ಮುಖಭಾಗ ಅಂಗಡಿಯ ಸ್ವೆಟರಿನಷ್ಟೇ ನಯವಾಗಿ ಕಾಣುವುದರಿಂದ ಹೊಸಬರೆಲ್ಲ ಇದಕ್ಕೆ ಮರುಳಾಗುತ್ತಾರೆ, ನಾನೂ ಆದೆ. ಆದರೆ ಸೀದಾ ಕುಣಿಕೆಗಳೆಲ್ಲ ಒಂದೇ ಮುಖಕ್ಕೆ, ಉಲ್ಟಾ ಕುಣಿಕೆಗಳೆಲ್ಲ ಇನ್ನೊಂದು ಮುಖಕ್ಕೆ ಬೀಳುವುದರಿಂದ ಎರಡು ಮುಖಗಳ ಎಳೆತ ಒಂದೇ ಆಗಿರುವುದಿಲ್ಲ. ಹಾಗಾಗಿ ಪಕ್ಕದ ಅಂಚುಗಳು ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. 36 ಕುಣಿಕೆಗಳ, 20 ಸೆಂ.ಮೀ. ಅಗಲದ ಮಫ್ಲರು ಕಡ್ಡಿಯಿಂದ ಇಳಿಯುತ್ತಲೇ ಕೊಳವೆಯಾಯಿತು. ಅಂಚಿಗೆ ನಾಲ್ಕು ನಾಲ್ಕು ಕುಣಿಕೆ ಸೀದಾ ಹೆಣೆದರೆ ಸರಿಹೋಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಅರ್ಧ ಬಿಚ್ಚಿ ಮತ್ತೆ ಹೆಣೆದೆ. ಆಗ ಅಂಚಿನ ಪಟ್ಟಿಯೂ ಸೇರಿ ಸುತ್ತಿಕೊಂಡಿತು. ಅದನ್ನು ಎತ್ತಿ ನೋಡಿದ ತಮ್ಮ, "ಅಕ್ಕಾ, ಇದು ಮಫ್ಲರ್ ಅಲ್ಲ, ಕೊನೆ ಇಳಿಸೋ ಹಗ್ಗ" ಎಂದ. ಅದರ ಬಗ್ಗೆ ಇಷ್ಟು ಸಾಕು.

ಎರಡನೆಯದನ್ನು ಎಲ್ಲ ಸಾಲುಗಳನ್ನೂ ಸೀದಾ ಹೆಣೆಯುವ ಕ್ರಮದಲ್ಲಿ ಅಪ್ಪಯ್ಯನಿಗೆ ಮಾಡಿದೆ. ಇದು ಸುತ್ತಿಕೊಳ್ಳುವುದಿಲ್ಲ, ಎರಡೂ ಮುಖ ಒಂದೇ ರೀತಿ ಇರುತ್ತದೆ, ಮಾತನಾಡುತ್ತ ಕುಳಿತು ಹೆಣೆದರೂ ತಪ್ಪಾಗುವುದಿಲ್ಲ. ಆದರೆ ಸುಲಭವಾದ ಹೆಣಿಗೆ ಬೇಗ ಮುಗಿಯುತ್ತದೆ ಎಂಬ ಭ್ರಮೆ ಬೇಡ. ಇದರ ಸಾಲುಗಳು ಒಂದರ ಮೇಲೊಂದು ಒತ್ತಿ ಕೂರುವುದರಿಂದ 10 ಸೆಂ.ಮೀ. ಉದ್ದಕ್ಕೆ ನನ್ನ ಕೈಯಲ್ಲಿ 36 ಸಾಲು ಬೇಕಾದವು. ಮೊದಲನೆಯದಕ್ಕೆ 24 ಸಾಲು ಸಾಕಾಗಿತ್ತು. ಅಂದರೆ 160 ಸೆಂ.ಮೀ.ಗೆ ಸುಮಾರು 576 ಸಾಲು, ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಕುಣಿಕೆ. ಇನ್ನೊಂದು ದೋಷ ತಿಂಗಳ ಮೇಲೆ ಗೊತ್ತಾಯಿತು: ತನ್ನ ಭಾರಕ್ಕೇ ಉದ್ದಕ್ಕೆ ಜಗ್ಗುತ್ತದೆ. ಗೂಟಕ್ಕೆ ನೇತುಹಾಕಿದ ಮಫ್ಲರು ಒಂದು ಗೇಣು ಬೆಳೆದಿತ್ತು.

ಈ ಎರಡಕ್ಕೂ ಬಳಸಿದ್ದು ಅಕ್ರಿಲಿಕ್ ನೂಲು. ನಮ್ಮ ಕಡೆ ಅಂಗಡಿಯಲ್ಲಿ ಉಲ್ಲನ್ ಎಂದು ಕೇಳಿದರೆ ಕೊಡುವುದು ಹೆಚ್ಚಾಗಿ ಇದನ್ನೇ. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಬೆಲೆ ಕಡಿಮೆ, ಬಣ್ಣ ಬೇಕಾದಷ್ಟು, ಹೇಗೆ ಒಗೆದರೂ ಕುಗ್ಗುವುದಿಲ್ಲ, ನುಸಿ ತಿನ್ನುವುದಿಲ್ಲ. ಮನೆಯಲ್ಲಿ ಅಡಿಕೆ ಬೇಯಿಸುವವರಿಲ್ಲದಿದ್ದರೆ ನಾನು ಅದನ್ನೇ ಸೈ ಎನ್ನುತ್ತಿದ್ದೆನೋ ಏನೋ. ಅಪ್ಪಯ್ಯ ಹಂಡೆಯ ಒಲೆಗೆ ಕುಂಟೆ ದೂಡುವಾಗ ಸಿಡಿದ ಒಂದು ಕಿಡಿ ಮಫ್ಲರಿನ ಮೇಲೆ ಬಿತ್ತು. ಅವರು ಕೊಡವುವಷ್ಟರಲ್ಲಿ ಹುಣಸೆಬೀಜದಷ್ಟು ತೂತಾಗಿ, ಸುತ್ತಲಿನ ನೂಲು ಕರಗಿ, ಆರಿದ ಮೇಲೆ ಮಣಿಯಂತೆ ಗಟ್ಟಿಯಾಗಿ ಕುತ್ತಿಗೆಗೆ ಚುಚ್ಚತೊಡಗಿತು. ತೂತಿಗೆ ತೇಪೆ ಹಾಕಬಹುದು. ಆದರೆ ಕರಗಿದ ನೂಲು ಚರ್ಮಕ್ಕೆ ಅಂಟಿಕೊಂಡಿದ್ದರೆ ಏನಾಗುತ್ತಿತ್ತೆಂಬ ಯೋಚನೆಯೇ ಸಾಕಾಯಿತು. ನಿಜವಾದ ಉಣ್ಣೆ ಕರಗುವುದಿಲ್ಲ, ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ಮೂರನೆಯದಕ್ಕೆ ತರಿಸಿದ ಉಣ್ಣೆಯ ಒಂದು ತುಂಡಿಗೆ ಕೆಂಡ ಮುಟ್ಟಿಸಿ ನೋಡಿದೆ: ಕೂದಲು ಸುಟ್ಟ ವಾಸನೆ ಬಂದು, ಕರಿ ಹಿಡಿದು, ತಾನಾಗಿಯೇ ನಂದಿತು, ಬೆರಳಲ್ಲಿ ಉಜ್ಜಿದರೆ ಬೂದಿ ಉದುರಿತು. ಬೆಲೆ ಅಕ್ರಿಲಿಕ್ಕಿನ ನಾಲ್ಕು ಪಟ್ಟು ಎಂಬ ಸಂಕಟ ಅಂದಿಗೆ ಕಡಿಮೆಯಾಯಿತು. ಹತ್ತಿ ನೂಲನ್ನೂ ಒಂದು ಗೇಣು ಹೆಣೆದು ನೋಡಿದ್ದೆ. ಭಾರ ಹೆಚ್ಚು, ಇಬ್ಬನಿಯಲ್ಲಿ ಒದ್ದೆಯಾದರೆ ಪಾಣಿಪಂಚೆಯಷ್ಟೂ ಬೆಚ್ಚಗಿರುವುದಿಲ್ಲ.

ಮೂರನೆಯದು ಮತ್ತೆ ತಮ್ಮನಿಗೆ, ಎರಡು ಸೀದಾ ಎರಡು ಉಲ್ಟಾದ ಪಟ್ಟೆಯ ಹೆಣಿಗೆ. ಎರಡು ಬದಿಯ ಅಂಚೂ ಒಂದೇ ರೀತಿ ಬರಬೇಕಾದರೆ ನಾಲ್ಕರ ಗುಣಕಕ್ಕೆ ಎರಡು ಸೇರಿಸಿ ಕುಣಿಕೆ ಹಾಕಬೇಕು. ನಾನು 50 ಹಾಕಿದೆ, ಆದರೂ ಪಟ್ಟೆಗಳು ಒಳಕ್ಕೆ ಸೆಳೆದುಕೊಂಡು ಅಗಲ 17 ಸೆಂ.ಮೀ.ಗೆ ಇಳಿಯಿತು. ಮೊದಲಿನ ಎರಡಕ್ಕೆ ನಾಲ್ಕು ನಾಲ್ಕು ಉಂಡೆ, ಅಂದರೆ 200 ಗ್ರಾಂ ಸಾಕಾಗಿದ್ದರೆ ಇದಕ್ಕೆ ಐದನೆಯ ಉಂಡೆಯನ್ನೂ ಒಡೆಯಬೇಕಾಯಿತು. ಪ್ರತಿ ಎರಡು ಕುಣಿಕೆಗೊಮ್ಮೆ ನೂಲನ್ನು ಕಡ್ಡಿಗಳ ನಡುವಿನಿಂದ ಹಿಂದೆ ಮುಂದೆ ತರುತ್ತಿರಬೇಕಾದ್ದರಿಂದ ಕೈ ನಿಧಾನ. ಮೊದಲ ಸಾಲನ್ನು ಒಂದು ನಂಬರು ದಪ್ಪ ಕಡ್ಡಿಯಲ್ಲಿ ಹಾಕದಿದ್ದರೆ ತುದಿ ಬಿಗಿದು ಕೂರುತ್ತದೆ. ಮುಗಿಸುವಾಗ ಸೀದಾ ಮೇಲೆ ಸೀದಾ, ಉಲ್ಟಾ ಮೇಲೆ ಉಲ್ಟಾ ಎಂದೇ ಮುಚ್ಚಬೇಕು. ಇಷ್ಟೆಲ್ಲ ಪಟ್ಟ ಮೇಲೆ ಬಂದದ್ದು ಮಾತ್ರ ಮೆತ್ತಗೆ, ದಪ್ಪಗೆ, ಕುತ್ತಿಗೆಗೆ ಹಿಡಿದು ಕೂರುವ ಮಫ್ಲರು. ಅದನ್ನು ತಮ್ಮ ಜೀನ್ಸಿನ ಜೊತೆಗೇ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ನೆನೆಹಾಕಿ ಕುಕ್ಕಿದ. ಉಣ್ಣೆಯ ಎಳೆಗಳ ಮೇಲಿನ ಸಣ್ಣ ಪದರಗಳು ಬಿಸಿಗೂ ತಿಕ್ಕಾಟಕ್ಕೂ ಒಂದಕ್ಕೊಂದು ಸಿಕ್ಕಿಕೊಂಡು ಮಫ್ಲರು 140 ಸೆಂ.ಮೀ.ಗೆ ಕುಗ್ಗಿ, ಕಂಬಳಿಯಂತೆ ಗಟ್ಟಿಯಾಯಿತು. ನಾನು ಎರಡು ದಿನ ಮಾತು ಬಿಟ್ಟೆ. ಆದರೆ ಘಟ್ಟದಲ್ಲಿ ಅದೇ ಒಳ್ಳೆಯದಾಯಿತೆಂದು ಅವನ ವಾದ: ಗಾಳಿ ನುಗ್ಗುವುದಿಲ್ಲ, ತುದಿ ಜಾಕೀಟಿನ ಒಳಗೇ ಮುಗಿಯುತ್ತದೆ. ಬೈಕ್ ಓಡಿಸುವವರಿಗೆ ತುದಿ ಹೊರಗೆ ಹಾರಾಡುವ ಉದ್ದವೂ ಕುಚ್ಚೂ ಬೇಡವೆಂಬುದನ್ನು ನಾನೂ ಒಪ್ಪಿದ್ದೇನೆ.

ನಾಲ್ಕನೆಯದೇ ನನ್ನ ಆಯ್ಕೆ. ನಾಲ್ಕರ ಗುಣಕಕ್ಕೆ ಮೂರು ಸೇರಿಸಿ, ಅಂದರೆ 39 ಕುಣಿಕೆ ಹಾಕಿ, ಎರಡು ಸೀದಾ ಎರಡು ಉಲ್ಟಾ ಎಂದು ಹೆಣೆಯುತ್ತ ಹೋಗಬೇಕು. ಕೊನೆಯ ಮೂರನ್ನು ಎರಡು ಸೀದಾ, ಒಂದು ಉಲ್ಟಾ ಮಾಡಬೇಕು. ಎಲ್ಲ ಸಾಲೂ ಇದೇ. ಲೆಕ್ಕ ಒಂದು ಕುಣಿಕೆ ಸರಿಯುವುದರಿಂದ ಪಟ್ಟೆಗಳು ಒಂದರೊಳಗೊಂದು ತಪ್ಪಿ ಕುಳಿತು, ಏಣು ಏಣಾದ ಆಳದ ಹೆಣಿಗೆಯಾಗುತ್ತದೆ. ನೋಡುವವರಿಗೆ ಕಷ್ಟದ ಕೆಲಸದಂತೆ ಕಂಡರೂ ಹೆಣೆಯುವವರು ನೆನಪಿಡಬೇಕಾದದ್ದು ಒಂದೇ ಸಾಲು. ಎಲ್ಲಕ್ಕಿಂತ ಮುಖ್ಯವಾಗಿ ಇದಕ್ಕೆ ಒಳಮೈ ಹೊರಮೈ ಎಂಬುದಿಲ್ಲ. ನಾನು ಕಂಡ ಗಂಡಸರು ಯಾರೂ ಕನ್ನಡಿ ನೋಡಿ ಮಫ್ಲರು ಸುತ್ತಿಕೊಂಡವರಲ್ಲ. ಕೈಗೆ ಸಿಕ್ಕಂತೆ ಎಳೆದು ಎರಡು ಸುತ್ತು ಹಾಕಿ ಹೊರಟುಬಿಡುತ್ತಾರೆ. ಯಾವ ಮಗ್ಗುಲು ಮೇಲೆ ಬಂದರೂ ಚೆಂದ ಕಾಣುವ ಹೆಣಿಗೆಯೇ ಅವರಿಗೆ ತಕ್ಕದ್ದು.

ಅಪ್ಪಯ್ಯ ಈಗ ಅದನ್ನೇ ಸುತ್ತಿಕೊಂಡು ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂರುತ್ತಾರೆ. ಮಳೆಗಾಲಕ್ಕೆ ಮುಂಚೆ ಅಂಟುವಾಳ ಕಾಯಿಯ ತಣ್ಣೀರಿನಲ್ಲಿ ಹಿಂಡದೆ ಒಗೆದು, ಚಾಪೆಯ ಮೇಲೆ ಹರಡಿ ಒಣಗಿಸಿ, ನುಸಿಗುಳಿಗೆಯ ಜೊತೆ ಟ್ರಂಕಿನಲ್ಲಿಟ್ಟೆ. ತೂತಾದ ಅಕ್ರಿಲಿಕ್ ಮಫ್ಲರನ್ನು ಆಯಿ ಬಿಸಿ ಪಾತ್ರೆ ಹಿಡಿಯಲು ಒಯ್ದಿದ್ದರು. ಅದಕ್ಕಂತೂ ಆ ನೂಲು ಸಲ್ಲದೆಂದು ಕಸಿದು ಬೆಕ್ಕಿನ ಬುಟ್ಟಿಗೆ ಹಾಸಿದ್ದೇನೆ.