ಸಿಪ್ಯಾಪ್ ಡೇಟಾ ಮನೆಯ ಲ್ಯಾಪ್‌ಟಾಪಿಗೆ: ನಾಲ್ಕು ವರ್ಷದ ಅನುಭವ

ಮುಲುಂಡಿನ ನಮ್ಮ ಮನೆಗೆ ರೆಸ್‌ಮೆಡ್ ಏರ್‌ಸೆನ್ಸ್ 10 ಎಂಬ ಸಿಪ್ಯಾಪ್, ಅಂದರೆ ಮಲಗಿದಾಗ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ತೆರೆದಿಡುವ ಮಷೀನ್, ಬಂದು ನಾಲ್ಕು ವರ್ಷವಾಯಿತು. ನನಗೆ ಸ್ಲೀಪ್ ಆಪ್ನಿಯ ಇದೆ. ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುತ್ತಿತ್ತು.

ಮಷೀನ್ ಕೊಟ್ಟ ಅಂಗಡಿಯವರು ಡೇಟಾ ನಿಮಗೆ ಅರ್ಥವಾಗಲ್ಲ, ಅದು ದಾಖಲಾಗುವ ಮೆಮೊರಿ ಕಾರ್ಡ್ ಇಲ್ಲಿಗೇ ತನ್ನಿ ಎಂದಿದ್ದರು. ಒಂದು ವರ್ಷ ಲೋಕಲ್ ಹಿಡಿದು ದಾದರಿಗೆ ಓಡಾಡಿದೆ. ಪ್ರತಿ ಸಲವೂ ಒಂದೇ ಉತ್ತರ, "ಎಎಚ್‌ಐ 2 ಇದೆ, ಚೆನ್ನಾಗಿದೆ." ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ ಎನ್ನುವ ಲೆಕ್ಕ ಅದು. 5ರ ಒಳಗಿದ್ದರೆ ಒಳ್ಳೆಯದು, ನಿಜ. ಆದರೆ ಬೆಳಿಗ್ಗೆ ತಲೆಭಾರ ಹೋಗಿರಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿರುತ್ತಿತ್ತು.

ಆಮೇಲೆ ಮಗ ಲ್ಯಾಪ್‌ಟಾಪಿಗೆ, ಆ ಕಾರ್ಡ್ ಓದಿ ಇಡೀ ರಾತ್ರಿಯ ಗ್ರಾಫ್ ತೋರಿಸುವ ಆಸ್ಕರ್ ಎಂಬ ಸಾಫ್ಟ್‌ವೇರ್ ಹಾಕಿಕೊಟ್ಟ. ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೊದಲ ದಿನವೇ ಕಾರಣ ಕಣ್ಣಿಗೆ ಬಿತ್ತು. ಬೆಳಗಿನ ಜಾವ ಮೂರೂವರೆಯವರೆಗೆ ಲೀಕ್ ಗೆರೆ, ಅಂದರೆ ಗಾಳಿ ಎಷ್ಟು ಸೋರುತ್ತಿದೆ ಎಂದು ತೋರಿಸುವ ಗೆರೆ, ತಳದಲ್ಲೇ ಇದೆ. ಅಲ್ಲಿಂದ ನಿಮಿಷಕ್ಕೆ 24 ಲೀಟರ್ ಮಿತಿ ದಾಟಿ, ಏಳುವ ತನಕ ಇಳಿದೇ ಇಲ್ಲ. ನಿದ್ದೆಯಲ್ಲಿ ನನ್ನ ಬಾಯಿ ತೆರೆದುಕೊಂಡು ಗಾಳಿಯೆಲ್ಲ ಹೊರಗೆ ಹೋಗುತ್ತಿತ್ತು! ಇಡೀ ರಾತ್ರಿಯ ಸರಾಸರಿಯಲ್ಲಿ ಇದು ಎಲ್ಲಿ ಕಾಣಬೇಕು, ಅಲ್ವಾ? ಗ್ರಾಫ್ ಡಾಕ್ಟರಿಗೆ ತೋರಿಸಿದೆ. ಮೂಗಿನ ಮಾಸ್ಕ್ ಬಿಟ್ಟು ಬಾಯಿಯೂ ಮುಚ್ಚುವ ಮಾಸ್ಕ್ ಕೊಟ್ಟರು. ಎರಡು ವಾರದಲ್ಲಿ ತಲೆಭಾರ ಹೋಯಿತು. ಮಷೀನಿನ ಗಾಳಿಯ ಪ್ರೆಶರ್ ಮಾತ್ರ ಅವರನ್ನು ಕೇಳದೆ ನಾನು ಯಾವತ್ತೂ ಮುಟ್ಟಿಲ್ಲ.

ಕಾರ್ಡ್ ತೆಗೆಯುವುದು ಸುಲಭ. ಮಷೀನಿನ ಸಣ್ಣ ಮುಚ್ಚಳ ತೆರೆದು ಕಾರ್ಡನ್ನು ಒಳಕ್ಕೆ ಒತ್ತಿದರೆ ತಾನೇ ಹೊರಗೆ ಬರುತ್ತದೆ. ದೀಪ ಮಿನುಗುತ್ತಿದ್ದರೆ ಸ್ವಲ್ಪ ಕಾಯಿರಿ, ಮಷೀನ್ ಇನ್ನೂ ಬರೆಯುತ್ತಿರುತ್ತದೆ. ಕಂಪ್ಯೂಟರಿಗೆ ಹಾಕುವ ಮುಂಚೆ ಕಾರ್ಡಿನ ಅಂಚಿನ ಪುಟ್ಟ ಗುಂಡಿಯನ್ನು ಉಗುರಿನಿಂದ ಲಾಕ್ ಕಡೆಗೆ ಸರಿಸಿ. ಇಲ್ಲದಿದ್ದರೆ ವಿಂಡೋಸ್, ಮ್ಯಾಕ್ ಎರಡೂ ತಮ್ಮ ಫೈಲುಗಳನ್ನು ಅದರಲ್ಲಿ ತುರುಕುತ್ತವೆ. ವಾಪಸ್ ಹಾಕುವಾಗ ಲಾಕ್ ತೆಗೆಯಲೇಬೇಕು.

ಇನ್ನೊಂದು ವಿಷಯ. ಆಸ್ಕರ್ ದಿನವನ್ನು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಎಣಿಸುತ್ತದೆ. ಮಂಗಳವಾರ ಮಲಗಿ ಬುಧವಾರ ಎದ್ದರೂ ಆ ರಾತ್ರಿಯನ್ನು ಮಂಗಳವಾರದಲ್ಲೇ ಹುಡುಕಬೇಕು.

ವೈಫೈ ಇರುವ ಕಾರ್ಡನ್ನೂ ಆರು ತಿಂಗಳು ಬಳಸಿದೆ. ತೆಗೆದು ಹಾಕುವ ಕೆಲಸ ತಪ್ಪುತ್ತದೆ. ಆದರೆ ಅದು ತನ್ನದೇ ನೆಟ್‌ವರ್ಕ್ ಮಾಡಿಕೊಳ್ಳುತ್ತದೆ. ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿದರೆ ಮನೆಯ ಇಂಟರ್ನೆಟ್ ಹೋಗುತ್ತದೆ, ಫೈಲುಗಳು ಬರುವುದೂ ನಿಧಾನ. ನನಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ ಸಾದಾ ಕಾರ್ಡ್ ರೀಡರೇ ಸಾಕಾಯಿತು.

ಒಮ್ಮೆ ಕಾರ್ಡ್ ಲ್ಯಾಪ್‌ಟಾಪಿನಲ್ಲೇ ಉಳಿದುಬಿಟ್ಟಿತು. ಆ ರಾತ್ರಿಯ ಗ್ರಾಫ್ ಮತ್ತೆ ಸಿಗಲೇ ಇಲ್ಲ. ಈಗ ಕಾರ್ಡ್ ತೆಗೆದ ದಿನ ಮಾಸ್ಕನ್ನು ಲ್ಯಾಪ್‌ಟಾಪಿನ ಮೇಲೆಯೇ ಇಡುತ್ತೇನೆ. ರಾತ್ರಿ ಮಾಸ್ಕ್ ತೆಗೆದುಕೊಳ್ಳಲು ಹೋದಾಗ ಕಾರ್ಡೂ ಕೈಗೆ ಬರುತ್ತದೆ.