ಕೊಪ್ಪ ಹತ್ರದ ಹೋಮ್‌ಸ್ಟೇ: ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಓದಿ

ರೂಮು ಕ್ಲೀನು, ಊಟ ಚೆನ್ನಾಗಿದೆ, ವ್ಯೂ ಸೂಪರ್ ಅಂತ ಈಗಾಗ್ಲೇ ಸುಮಾರು ಜನ ಬರೆದಿದಾರೆ, ಅದೆಲ್ಲ ನಿಜಾನೇ. ನಾನು ಬರೀಬೇಕು ಅಂದ್ಕೊಂಡಿದ್ದು ಈ ಮನೆಯವ್ರು ಬಂದೋರ ಮನಸ್ಸನ್ನ ಹೆಂಗೆ ನೋಡ್ಕೋತಾರೆ ಅನ್ನೋದ್ನ, ಅದು ಸರಿಯಾಗಿ ಗೊತ್ತಾಗಿದ್ದು ನಮ್ ಜೊತೇಲೇ ಉಳ್ಕೊಂಡಿದ್ದ ಒಂದು ಚೀನಾ ಫ್ಯಾಮಿಲಿಯಿಂದ.

ನಾವು ಹಾಸನದಿಂದ ಅತ್ತೆ ಮಾವನ್ನ ಕರ್ಕೊಂಡು 2025ರ ಅಕ್ಟೋಬರ್ ಮೊದಲ ವಾರ ಹೋಗಿದ್ವಿ. ಆ ಚೀನಾದವ್ರು ಮೂರು ಜನ, ವಯಸ್ಸಾದ ಗಂಡ ಹೆಂಡ್ತಿ ಮತ್ತೆ ಮಗಳು, ಅಲ್ಲಿನ ಯುನ್ನಾನ್ ಪ್ರಾಂತ್ಯದ ಕಡೆಯವ್ರು. ಚೀನಾದವ್ರಿಗೆ ನಮ್ಮ ದೇಶ ಟೂರಿಸ್ಟ್ ವೀಸಾ ಮತ್ತೆ ಕೊಡೋಕೆ ಶುರು ಮಾಡಿದ್ದೇ ಆ ವರ್ಷ ಜುಲೈನಲ್ಲಿ, ಅಕ್ಟೋಬರ್ 1ರಿಂದ ಅವ್ರಿಗೆ 8 ದಿನ ಸರ್ಕಾರಿ ರಜೆ ಬೇರೆ ಇತ್ತು, ಹಾಗಾಗಿ ಮಗಳು ಇಬ್ರನ್ನೂ ಹೊರಡಿಸ್ಕೊಂಡು ಬೇಲೂರು ಹಳೇಬೀಡು ನೋಡ್ಕೊಂಡು ಇಲ್ಲಿಗೆ ಬಂದಿದ್ಲು.

ಮೊದ್ಲು ಅವ್ರಿಗೆ ಕೊಟ್ಟಿದ್ದು ನಾಲ್ಕನೇ ನಂಬರ್ ರೂಮು. ಚೀನಾದಲ್ಲಿ ನಾಲ್ಕು ಅಂದ್ರೆ ಅಪಶಕುನ, ಎಷ್ಟೋ ಬಿಲ್ಡಿಂಗಲ್ಲಿ ನಾಲ್ಕನೇ ಮಹಡಿಗೆ ಆ ನಂಬರೇ ಹಾಕಲ್ಲ. ಆ ಅಮ್ಮ ಬಾಗಿಲಲ್ಲೇ ನಿಂತ್ಬಿಟ್ರು, ಮಗಳು ಮಾತ್ರ ಬಾಯಿಬಿಡ್ಲಿಲ್ಲ. ಎದುರಿಗಿರೋರಿಗೆ ಮುಜುಗರ ಮಾಡ್ಬಾರ್ದು ಅನ್ನೋದು ಅವ್ರಲ್ಲಿ ತುಂಬಾ ಗಟ್ಟಿ, ಕಷ್ಟ ಆದ್ರೂ ನಗ್ತಾ ಪರ್ವಾಗಿಲ್ಲ ಅಂತಾರೆ, ಒಳಗೊಳಗೇ ಕೊರಗ್ತಾರೆ. ಮನೆ ಅಕ್ಕ ಅವ್ರ ಮುಖ ನೋಡಿದ್ರು, ಕಾರಣ ಕೇಳ್ಲಿಲ್ಲ, ಆ ಕಡೆ ರೂಮಿಗೆ ಬಿಸ್ಲು ಚೆನ್ನಾಗಿ ಬರತ್ತೆ ಬನ್ನಿ ಅಂತ ಬ್ಯಾಗ್ ಎತ್ಕೊಂಡು ಹೊರಟೇಬಿಟ್ರು. ದುಡ್ಡು ಕೊಟ್ಟು ಟ್ರೇನಿಂಗ್ ಮಾಡ್ಸಿದ್ರೆ ಬರೋ ಬುದ್ಧಿ ಅಲ್ಲ ಇದು.

ಊಟಕ್ಕೆ ಕೂತಾಗ್ಲೂ ಅಷ್ಟೇ. ತಣ್ಣೀರು ಆ ಹಿರಿಯರು ಮುಟ್ಲಿಲ್ಲ, ಅವ್ರಿಗೆ ಬಿಸಿನೀರೇ ಅಭ್ಯಾಸ, ಅಂದಿನಿಂದ ಒಂದು ಫ್ಲಾಸ್ಕ್ ಬಿಸಿನೀರು ಅವ್ರ ಟೇಬಲ್ ಮೇಲೆ ಯಾವಾಗ್ಲೂ ಇರೋದು. ಬಡಿಸೋದು ಮೊದ್ಲು ಹಿರಿಯರಿಗೆ, ನಮ್ ಮಾವನಿಗೂ ಆ ತಾತನಿಗೂ. ಚೀನಾದ ಅಡುಗೆ ಮಾಡೋ ಸಾಹಸಕ್ಕೆ ಹೋಗದೆ ಮನೇಲಿ ಏನಿತ್ತೋ ಅದನ್ನೇ ಹಾಕಿದ್ರು, ಕಡುಬು, ಉಪ್ಪುನೀರಲ್ಲಿ ಹಾಕಿಟ್ಟಿದ್ದ ಕಳಲೆ ಪಲ್ಯ. ಕಳಲೆ ಬಾಯಿಗೆ ಇಟ್ಕೊಂಡಿದ್ದೇ ಆ ಅಮ್ಮನ ಮುಖ ಅರಳ್ತು, ಅವ್ರ ಊರಲ್ಲೂ ಬಿದಿರಿನ ಮೊಳಕೆ ಮನೆಮನೆ ಅಡುಗೆ. ತಾತ ಅಂತೂ ಇಡೀ ದಿನ ಮನೆ ಯಜಮಾನ್ರು ಗೌಡ್ರ ಹಿಂದೆ ಕಾಫಿ ತೋಟದಲ್ಲೇ, ಚೀನಾದ ಕಾಫಿ ಹೆಚ್ಚುಕಮ್ಮಿ ಪೂರ್ತಿ ಬೆಳೆಯೋದೇ ಯುನ್ನಾನಲ್ಲಿ, ಹಂಗಾಗಿ ಹಸಿ ಕಾಯಿ ಹಿಡ್ಕೊಂಡು ಕೈಸನ್ನೇಲೇ ಇಬ್ರೂ ಗಂಟೆಗಟ್ಲೆ ಮಾತಾಡ್ತಿದ್ರು.

ಆ ಹುಡುಗಿ ನಂಗೆ ಇಂಗ್ಲಿಷಲ್ಲಿ ಹೇಳಿದ್ದು ಏನಂದ್ರೆ, ಅಪ್ಪ ಅಮ್ಮ ನೆಮ್ಮದಿಯಾಗಿಲ್ಲ ಅಂದ್ರೆ ತನಗೆ ಪ್ರವಾಸ ಹೋದಂಗೇ ಅನ್ಸಲ್ಲ ಅಂತ. ಬೇರೆ ಊರಲ್ಲಿದ್ರೆ ಹೆತ್ತವ್ರನ್ನ ಆಗಾಗ ಹೋಗಿ ನೋಡ್ಬೇಕು ಅಂತ 2013ರಿಂದ ಅವ್ರಲ್ಲಿ ಕಾನೂನೇ ಇದೆ, ಆದ್ರೆ ಈಕೇದು ಕಾನೂನಿಗೆ ಹೆದರಿ ಮಾಡೋ ಸೇವೆ ಅಲ್ಲ, ಅಪ್ಪನ ಸುಖದಲ್ಲೇ ತನ್ನ ಸುಖ ಅನ್ನೋದು ಅವ್ಳ ಮಾತಲ್ಲೇ ಇತ್ತು. ನಮ್ಮಲ್ಲೂ ಎಷ್ಟೋ ಹೆಣ್ಮಕ್ಳು ಟ್ರಿಪ್ ಪೂರ್ತಿ ಹಿರಿಯರ ಮಾತ್ರೆ, ಊಟ, ಬಾತ್‌ರೂಮು ಅಂತ ನೋಡ್ತಾ ತಾವು ಒಂದು ಕಾಫೀನೂ ಕೂತು ಕುಡ್ದಿರಲ್ಲ. ಇಲ್ಲಿ ಆ ಭಾರ ಮನೆಯವ್ರು ಅರ್ಧ ಹೊತ್ಕೊಂಡ್ರು, ಅದಕ್ಕೇ ಅವ್ಳೂ ಮಲಗಿ ನಿದ್ದೆ ಮಾಡಿದ್ಲು, ನಾನೂ ಮಾಡ್ದೆ.

6ನೇ ತಾರೀಕು ಅವ್ರ ಚಂದ್ರನ ಹಬ್ಬ, ಇಡೀ ಮನೆಯವ್ರು ಒಟ್ಟಿಗೆ ಕೂತು ಉಣ್ಣೋ ರಾತ್ರಿ. ನಮ್ಮ ವಾಟ್ಸಾಪ್ ತರ ಅವ್ರು ಬಳಸೋ ವೀಚಾಟ್ ಆ್ಯಪ್ ನಮ್ಮಲ್ಲಿ 2020ರಿಂದ ಬ್ಯಾನು, ಅವ್ರ ದೇಶದ ಸಿಮ್ಮಲ್ಲಿ ಏನೋ ನಡೀತಿತ್ತು ಆದ್ರೆ ತೋಟದ ಮನೇಲಿ ಸಿಗ್ನಲ್ಲೇ ಇಲ್ಲ. ಊರಲ್ಲಿರೋ ಮೊಮ್ಮಗನ ಮುಖ ನೋಡೋಕಾಗ್ದೆ ಅಮ್ಮ ಸಂಜೆಯಿಂದ ಮಂಕಾಗಿದ್ರು. ಗೌಡ್ರು ಜೀಪ್ ತೆಗ್ದು ಮೂರೂ ಜನರನ್ನ ಗುಡ್ಡದ ಮೇಲೆ ಸಿಗ್ನಲ್ ಸಿಗೋ ಕಡೆ ಕರ್ಕೊಂಡೋಗಿ, ಅವ್ರು ಮಾತು ಮುಗ್ಸೋ ತನಕ ದೂರ ನಿಂತು ಕಾದು, ವಾಪಸ್ ಕರ್ಕೊಂಡ್ ಬಂದ್ರು. ಇದಕ್ಕೆ ಬಿಲ್ಲಲ್ಲಿ ಏನೂ ಹಾಕಿಲ್ಲ. ಆ ವರ್ಷ ಅದೇ ಹುಣ್ಣಿಮೆ ನಮಗೆ ಭೂಮಿ ಹುಣ್ಣಿಮೆ. ಅಕ್ಕ, ಅವ್ರ ಅತ್ತೆ ರಾತ್ರಿಯಿಡೀ ಅಡುಗೆ ಮಾಡ್ತಿದ್ರು, ಆ ಚೀನಾ ಅಮ್ಮ ಬಂದು ಸೊಪ್ಪು ಬಿಡಿಸೋಕೆ ಕೂತ್ರು. ಬೆಳಕು ಹರಿಯೋಕ್ ಮುಂಚೆ ಎಲ್ರೂ ಗದ್ದೆಗೆ ಹೋದ್ವಿ, ಹೊಡೆ ಬಂದ ಗದ್ದೆ ಬಸುರಿ ಇದ್ದಂಗೆ, ಅದಕ್ಕೆ ಬಯಕೆ ಊಟ ಬಡಿಸ್ತೀವಿ ಅಂತ ಮಗಳಿಗೆ ನಾನೇ ಹೇಳ್ದೆ, ಅವ್ಳು ಅಮ್ಮನಿಗೆ ಹೇಳಿದ್ಲು, ಅವ್ರು ಚಪ್ಪಲಿ ಬಿಟ್ಟು ಕೈ ಮುಗಿದ್ರು.

ಕೊರತೆ ಇಲ್ದೇ ಇಲ್ಲ. ಬಾತ್‌ರೂಮ್ ಟೈಲ್ಸ್ ಜಾರತ್ತೆ, ಹಿಡ್ಕೊಳ್ಳೋಕೆ ಕಂಬಿ ಇಲ್ಲ, ಇಷ್ಟು ಹಿರಿಯರು ಬರೋ ಜಾಗಕ್ಕೆ ಅದು ಮೊದ್ಲು ಆಗ್ಬೇಕು ಅಂತ ಗೌಡ್ರಿಗೂ ಹೇಳಿ ಬಂದಿದೀನಿ. ಕೊನೇ ಸ್ವಲ್ಪ ದೂರ ಮಣ್ಣು ರಸ್ತೆ, ಚಿಕ್ಕ ಕಾರು ತಳ ತಾಗತ್ತೆ, ಫೋನ್ ಮಾಡಿದ್ರೆ ಜೀಪ್ ಕಳಿಸ್ತಾರೆ. ಬುಕ್ ಮಾಡೋವಾಗ್ಲೇ ಯಾರಿಗೆ ಮಂಡಿ ನೋವು, ಯಾರಿಗೆ ಸಕ್ಕರೆ ಕಾಯಿಲೆ ಅಂತ ಹೇಳ್ಬಿಡಿ, ಕೆಳಗಿನ ರೂಮ್ ಇಟ್ಟಿರ್ತಾರೆ.